ಎಡಕ್ಕೆ ನಂಬರು, ಬಲಕ್ಕೆ ಹೆಸರು

ತೊಗರಿ ದರದ ಮುಂದೆ ಬಂದು ನಿಲ್ಲುವ ಜಾಹೀರಾತಿನಷ್ಟು ನನಗೆ ಕಾಟ ಕೊಟ್ಟದ್ದು ಇತ್ತೀಚೆಗೆ ಮತ್ತೊಂದಿಲ್ಲ. ಕಳೆದ ಸುಗ್ಗಿಯ ತೊಗರಿ ಇನ್ನೂ ಚೀಲದಲ್ಲೇ ಇತ್ತು. ಮಾರಬೇಕೋ, ಇನ್ನಷ್ಟು ದಿನ ತಡೆಯಬೇಕೋ ಎಂದು ನಮ್ಮ ಮನೆಯವರು ದಿನಾ ಮುಂಜಾನೆ ಕೇಳುತ್ತಿದ್ದರು. ಚಹಾದ ಕಪ್ಪು ಕೈಯಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ದರ ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ತಾಳಿಕೋಟಿ ಪೇಟೆ, ವಿಜಯಪುರ ಪೇಟೆ, ಕಲಬುರಗಿ ಪೇಟೆ ಎಂದು ಪಟ್ಟಿ ಕೆಳಗಿಳಿಯುತ್ತ ಬರುವಾಗ ಸರಿಯಾಗಿ ಕ್ವಿಂಟಲ್ ದರದ ಮೇಲೆಯೇ ಒಂದು ಚೌಕ ಬಂದು ಕೂಡುತ್ತಿತ್ತು. ಕೂದಲು ಬೆಳೆಸುವ ಎಣ್ಣೆ, ಇಸ್ಪೀಟಿನ ಆಟ, ಯಾವುದೋ ಊರಿನ ಸೈಟು. ಅದರ ಮೂಲೆಯ ಗುಣಿಸುವ ಗುರುತನ್ನು ಒತ್ತಿದರೆ ಆ ಚೌಕ ಹೋಗಿ ಇನ್ನೊಂದು ಬರುತ್ತಿತ್ತು. ಚಹಾ ಆರುತ್ತಿತ್ತು, ಪಡಸಾಲೆಯಿಂದ "ಎಷ್ಟ ಐತಿ?" ಎಂಬ ಪ್ರಶ್ನೆ ಎರಡನೆಯ ಸಲ ಬರುತ್ತಿತ್ತು.

ಆ ವರ್ಷದ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ತಮ್ಮನ ಮಗ ಬಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಆದರೂ ಪಂಚಮಿಗೆ ಅತ್ತಿಯನ್ನು ಕರೆಯಲು ತಾನೇ ಬರಬೇಕೆನ್ನುವ ಹುಡುಗ. ನಾನು ಅರಿವೆ ಜೋಡಿಸಿಕೊಳ್ಳುವ ತನಕ ಅವನು ಕಂಪ್ಯೂಟರಿನ ಮುಂದೆ ಕುಳಿತಿದ್ದವನು, "ಅತ್ತಿ, ಇಷ್ಟೆಲ್ಲಾ ತಾಳಿಕೊಂಡೀರೇನ್ರಿ? ಬರ್ರಿ ಇಲ್ಲೆ, ಒಂದ ಸಾಲಿನಾಗ ಇದನ್ನ ನಿಲ್ಲಸ್ತೀನಿ" ಎಂದು ಕರೆದ. ಹೊಸದೇನನ್ನೋ ಡೌನ್‌ಲೋಡ್ ಮಾಡುತ್ತಾನೆ ಅಂದುಕೊಂಡೆ. ಅವನು ತೆರೆದದ್ದು ನೋಟ್‌ಪ್ಯಾಡ್, ನಾನು ಕಿರಾಣಿ ಯಾದಿ ಬರೆದಿಡುವ ಅದೇ ನೋಟ್‌ಪ್ಯಾಡ್. ಅದನ್ನು ಬಲಗಡೆಯ ಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ. ಆಮೇಲೆ ಸಿ ಡ್ರೈವಿನೊಳಗೆ ವಿಂಡೋಸ್, ಅದರೊಳಗೆ ಸಿಸ್ಟಮ್ 32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಸಣ್ಣ ಫೋಲ್ಡರು. ಮೊದಲಿಗೆ ಅಲ್ಲಿ ಏನೂ ಕಾಣಲಿಲ್ಲ. "ಈ ಫೈಲಿಗೆ ಬಾಲ ಇಲ್ರಿ, ಡಾಟ್ ಟಿಎಕ್ಸ್‌ಟಿ ಅಂತ ಹಿಂದ ಏನೂ ಇರೂದಿಲ್ಲ. ಅದಕ್ಕ 'ಆಲ್ ಫೈಲ್ಸ್' ಅಂತ ಆರಿಸಬೇಕು" ಎಂದ. ಆರಿಸಿದ ಮೇಲೆ ಬಂತು: ಹೋಸ್ಟ್ಸ್.

ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ. ಮೈಕ್ರೋಸಾಫ್ಟಿನ ಹೆಸರು, 1993ರಿಂದ 2009ರ ತನಕದ ಹಕ್ಕಿನ ಸಾಲು, ಅದರ ಕೆಳಗೆ ಒಂದಿಷ್ಟು ವಿವರಣೆ, ಆಮೇಲೆ ಎರಡು ಉದಾಹರಣೆ. ಒಂದರಲ್ಲಿ ಎಡಗಡೆ ಚುಕ್ಕೆ ಚುಕ್ಕೆಯ ನಂಬರು, ಬಲಗಡೆ ರೈನೋ ಡಾಟ್ ಆಕ್ಮೆ ಡಾಟ್ ಕಾಮ್. ಖಡ್ಗಮೃಗದ ಹೆಸರಿಟ್ಟ ಒಂದು ಕಂಪ್ಯೂಟರು! ಜಗತ್ತಿನ ಎಷ್ಟೋ ಕೋಟಿ ಮನೆಗಳ ಯಂತ್ರದೊಳಗೆ ಈ ಪ್ರಾಣಿ ಯಾರ ಕಣ್ಣಿಗೂ ಬೀಳದೆ ಕುಳಿತಿದೆ ಎನ್ನುವುದೇ ನನಗೆ ಖುಷಿ ಕೊಟ್ಟಿತು. ಪ್ರತಿ ಸಾಲಿನ ಆರಂಭಕ್ಕೂ ಒಂದು ಹ್ಯಾಶ್ ಗುರುತು ಇತ್ತು. ಆ ಗುರುತಿನ ಮುಂದಿನದನ್ನು ಕಂಪ್ಯೂಟರು ಓದುವುದಿಲ್ಲವಂತೆ, ಅದು ಮನುಷ್ಯರಿಗಾಗಿ ಬರೆದದ್ದು. ಅಂದರೆ ಇಡೀ ಪುಟದಲ್ಲಿ ಯಂತ್ರಕ್ಕೆಂದು ಒಂದು ಅಕ್ಷರವೂ ಇರಲಿಲ್ಲ, ಬರೆಯುವವರು ಬರೆಯಲಿ ಎಂದು ಜಾಗ ಬಿಟ್ಟಿತ್ತು.

ಹುಡುಗ ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಾವು ಬ್ರೌಸರಿನಲ್ಲಿ ಹೆಸರು ಬರೆಯುತ್ತೇವೆ, ಯಂತ್ರಗಳಿಗೆ ಬೇಕಾದದ್ದು ನಂಬರು. ಆ ಹೆಸರಿನ ನಂಬರು ಏನು ಎಂದು ಹೊರಗಿನ ದೊಡ್ಡ ವ್ಯವಸ್ಥೆಯನ್ನು, ಅದೇ ಡಿಎನ್‌ಎಸ್ ಅನ್ನು, ಕೇಳಿ ತಿಳಿದುಕೊಳ್ಳುತ್ತದೆ ಕಂಪ್ಯೂಟರು. ಆದರೆ ಹೊರಗೆ ಕೇಳುವ ಮೊದಲು ಮನೆಯೊಳಗಿನ ಈ ಫೈಲನ್ನು ನೋಡುತ್ತದೆ. ಇಲ್ಲಿ ಬರೆದದ್ದಿದ್ದರೆ ಅದೇ ಖರೆ, ಹೊರಗೆ ವಿಚಾರಿಸುವ ಮಾತೇ ಇಲ್ಲ. ಹಾಗಾಗಿ ಜಾಹೀರಾತು ಕಳಿಸುವ ಯಂತ್ರದ ಹೆಸರನ್ನು ಬಲಕ್ಕೆ ಬರೆದು ಎಡಕ್ಕೆ 0.0.0.0 ಎಂದು ಹಾಕಿದರೆ ಆ ಹೆಸರಿಗೆ ಹೋಗಲು ದಾರಿಯೇ ಇರುವುದಿಲ್ಲ. 127.0.0.1 ಎಂದು ಹಾಕುವವರೂ ಇದ್ದಾರೆ, ಅದರ ಅರ್ಥ "ನಾನೇ", ಅಂದರೆ ಇದೇ ಯಂತ್ರ. 127ರಿಂದ ಶುರುವಾಗುವ ನಂಬರುಗಳೆಲ್ಲ, ಒಟ್ಟು 1,67,77,216, ಹೀಗೆ ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳಲು ಮೀಸಲು. ಅವನು ಬರೆದ, ಉಳಿಸಿದ, ಕಪ್ಪು ಕಿಟಕಿಯಲ್ಲಿ ಏನೋ ಕುಟ್ಟಿ ಹಳೆಯ ನೆನಪು ಅಳಿಸಿದ. ತೊಗರಿ ದರ ತೆರೆದೆವು. ಚೌಕ ಇದ್ದ ಜಾಗದಲ್ಲಿ ಬರಿದು. ತಾಳಿಕೋಟಿ ಪೇಟೆಯ ದರ ಹಾದಿಬದಿಯ ಕಲ್ಲಿನ ಮೇಲಿನ ಅಂಕಿಯಂತೆ ನಿಚ್ಚಳವಾಗಿ ಕಂಡಿತು.

ಇದು ಎಲ್ಲ ಜಾಹೀರಾತಿಗೂ ಮದ್ದಲ್ಲ ಎಂದೂ ಹೇಳಿದ. ಬರೆದ ಹೆಸರು ಇದ್ದ ಹಾಗೇ ಹೊಂದಬೇಕು. ಅದರ ಅಣ್ಣ ತಮ್ಮಂದಿರಂತಹ ಬೇರೆ ಹೆಸರುಗಳಿದ್ದರೆ ಒಂದೊಂದಕ್ಕೂ ಒಂದೊಂದು ಸಾಲು ಬೇಕು, ಸುದ್ದಿಯೂ ಜಾಹೀರಾತೂ ಒಂದೇ ಹೆಸರಿನಿಂದ ಬಂದರೆ ಈ ಫೈಲು ಏನೂ ಮಾಡಲಾರದು. ಇರಲಿ. ನನಗೆ ಅಷ್ಟೊತ್ತಿಗಾಗಲೇ ಜಾಹೀರಾತು ಮರೆತುಹೋಗಿತ್ತು. ಎಡಕ್ಕೆ ನಂಬರು, ಬಲಕ್ಕೆ ಹೆಸರು; ಸಾಲಿನ ಕೆಳಗೆ ಸಾಲು. ನನ್ನ ಕೈಯಿಂದಲೇ ಬರೆದ ಇಂಥದೊಂದು ಪುಟ ನಮ್ಮ ಟ್ರಂಕಿನಲ್ಲಿ ಇದೆ.

ನಮ್ಮ ತವರೂರು ಕೃಷ್ಣಾ ದಂಡೆಯದು. ಈಗ ಅದು ನೀರೊಳಗಿದೆ, ಊರಿನವರು ಮೇಲಿನ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಮುಳುಗಡೆಯ ನೋಟೀಸು ಬಂದಾಗ ನಾನು ಹೈಸ್ಕೂಲಿನ ಹುಡುಗಿ. ಚಾವಡಿಯ ಮುಂದೆ ಊರಿಗೆ ಊರೇ ಸೇರಿತ್ತು. ತಲಾಟಿ ಒಂದೊಂದೇ ಸರ್ವೆ ನಂಬರು, ಅದರ ಹಿಸ್ಸಾ, ಎಕರೆ, ಗುಂಟೆ ಓದುತ್ತಿದ್ದರು. ಜನ ಕೇಳುತ್ತಿದ್ದರು, ಆದರೆ ಯಾರ ಮುಖದಲ್ಲೂ ಏನೂ ಕಾಣಲಿಲ್ಲ, ಯಾಕೆಂದರೆ ಯಾರಿಗೂ ತಮ್ಮ ಹೊಲದ ನಂಬರು ಬಾಯಿಗೆ ಬರುತ್ತಿರಲಿಲ್ಲ. ಉತಾರ ಪೆಟ್ಟಿಗೆಯಲ್ಲಿರುತ್ತಿತ್ತು, ಸೊಸಾಯಿಟಿ ಸಾಲ ತೆಗೆಯುವಾಗ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ದಿನವೆಲ್ಲ ಹೊಲಕ್ಕೆ ಹೆಸರು. ನಮ್ಮಜ್ಜಿ ಹೆಂಗಸರ ಗುಂಪಿನಿಂದ ಎದ್ದು ನಿಂತು, "ತಲಾಟ್ಯಾರ, ನಂಬರ ನಮಗ ತಿಳಿಯೂದಿಲ್ರಿ, ಹೊಲದ ಹೆಸರ ಹೇಳ್ರಿ" ಅಂದಳು. ಅವರ ಪುಸ್ತಕದಲ್ಲಿ ಹೊಲದ ಹೆಸರು ಇರಲಿಲ್ಲ. ಒಳ್ಳೆಯ ಮನುಷ್ಯ, ಬೇಸರ ಮಾಡಿಕೊಳ್ಳಲಿಲ್ಲ. ನಕಾಶೆ ಬಿಚ್ಚಿ ಚಕಬಂದಿ ಹೇಳತೊಡಗಿದರು: ಮೂಡಲಕ್ಕ ಹಳ್ಳ, ಪಡುವಲಕ್ಕ ಗೌಡರ ಹೊಲ, ತೆಂಕಲಕ್ಕ ಬಂಡಿ ದಾರಿ. ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಹಂಗಾದ್ರ ಅದು ನಮ್ಮ ಹೊಳಿಸಾಲ ಹೊಲ" ಅಂದಳು. ಅಂದವಳೇ ಅಲ್ಲೇ ಕೂತುಬಿಟ್ಟಳು.

ಅವತ್ತು ಸಂಜೆಯಿಂದ ನಮ್ಮ ಮನೆಗೆ ಜನ ಬರತೊಡಗಿದರು. ಅಜ್ಜಿಗೆ ಇಡೀ ಊರಿನ ಹೊಲಗಳ ಹೆಸರು ಗೊತ್ತಿತ್ತು. ಕಳೆ ತೆಗೆಯಲು, ಜೋಳ ಕೊಯ್ಯಲು, ಸೀತನಿ ತಿನ್ನಲು ಕಾಲಿಟ್ಟ ಹೊಲ ಒಂದೂ ಉಳಿದಿರಲಿಲ್ಲ. ಬಂದವರು ನೋಟೀಸಿನ ಚೀಟಿ ಕೊಡುವರು, ಅಪ್ಪ ನಂಬರನ್ನೂ ಚಕಬಂದಿಯನ್ನೂ ಓದುವನು, ಅಜ್ಜಿ ಹೆಸರು ಹೇಳುವಳು, ನಾನು ಕಂದೀಲಿನ ಬೆಳಕಿನಲ್ಲಿ ಗಣಿತದ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುವೆನು. ಎಡಕ್ಕೆ ನಂಬರು, ಬಲಕ್ಕೆ ಹೆಸರು. ಎರಿ ಹೊಲ, ಮಡ್ಡಿ ಹೊಲ, ಕರಲ ಪಟ್ಟಿ, ಜೋಡಬೇವಿನ ಹೊಲ, ದನ ಸತ್ತ ಹೊಲ. ಕೆಲವರಿಗೆ ಹೆಸರು ಕೇಳುತ್ತಲೇ ಜೀವ ಹಗುರಾಗುತ್ತಿತ್ತು, "ಕರಲ ಹ್ವಾದ್ರ ಹೋಗ್ಲಿ" ಎನ್ನುತ್ತಿದ್ದರು. ಕೆಲವರು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಮಾತಿಲ್ಲದೆ ಮೆಟ್ಟಿಲಿಳಿಯುತ್ತಿದ್ದರು. ಪರಿಹಾರಕ್ಕೆ ನಂಬರು ಸಾಕಿತ್ತು. ಏನು ಹೋಯಿತು ಎಂದು ತಿಳಿಯಲು ಹೆಸರು ಬೇಕಿತ್ತು, ಆ ಹೆಸರುಗಳ ಪುಸ್ತಕ ಆವಾಗ ಒಬ್ಬ ಹೆಬ್ಬೆಟ್ಟಿನ ಮುದುಕಿಯ ತಲೆಯಲ್ಲಿ ಮಾತ್ರ ಇತ್ತು.

ಇಂಟರ್ನೆಟ್ ಕೂಡ ಮೊದಲು ಹೀಗೇ ಒಂದು ಮನೆಯಿಂದ ನಡೆದಿತ್ತು ಎಂದು ಆಮೇಲೆ ಓದಿ ತಿಳಿದುಕೊಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಂಟರ್ನೆಟ್ಟಿನ ಅಜ್ಜ ಅನ್ನಬಹುದಾದ ಆರ್ಪಾನೆಟ್ ಎಂಬ ಜಾಲದಲ್ಲಿ ಆರಂಭಕ್ಕೆ ಕೆಲವೇ ಯಂತ್ರಗಳು. ಒಂದೊಂದು ಕಡೆಯವರು ತಮ್ಮ ತಮ್ಮ ಪಟ್ಟಿ ತಾವೇ ಬರೆದಿಟ್ಟುಕೊಳ್ಳುತ್ತಿದ್ದರು, ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. 1971ರಲ್ಲಿ ಪೆಗಿ ಕಾರ್ಪ್ ಎಂಬಾಕೆ, ಯಂತ್ರಗಳಿಗೆ ಎಲ್ಲರೂ ಒಂದೇ ಹೆಸರು ಬಳಸೋಣ ಎಂದು ಯಾದಿ ಮುಂದಿಟ್ಟರು. 1973ರ ಡಿಸೆಂಬರಿನಲ್ಲಿ ಪೀಟರ್ ಡಾಯ್ಚ್ ಎಂಬವರು, ಪ್ರತಿಯೊಂದು ಕಡೆಯೂ ಬೇರೆ ಬೇರೆ ಹಳಸಿದ ಪಟ್ಟಿ ಇಟ್ಟುಕೊಳ್ಳುವುದನ್ನು ಇನ್ನಾದರೂ ಬಿಡೋಣ, ಎಲ್ಲರಿಗೂ ಸಿಗುವಂಥ ಒಂದೇ ಫೈಲು ಇರಲಿ ಎಂದು ಬರೆದರು. ಆ ಫೈಲೇ ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಒಂದು ವಿಭಾಗ ಅದನ್ನು ನೋಡಿಕೊಳ್ಳುತ್ತಿತ್ತು, ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. 1931ರಲ್ಲಿ ಹುಟ್ಟಿದ, ರಸಾಯನಶಾಸ್ತ್ರ ಓದಿದ ಹೆಣ್ಣುಮಗಳು. ಯಾರಾದರೂ ಹೊಸ ಯಂತ್ರ ಕೂಡಿಸಿದರೆ ಇವರ ಕಚೇರಿಗೆ ತಿಳಿಸಬೇಕು, ಇವರು ಹೆಸರು ಎರಡು ಸಲ ಬಾರದಂತೆ ನೋಡಿ ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಆ ಪಟ್ಟಿಯ ಪ್ರತಿ ತರಿಸಿಕೊಳ್ಳಬೇಕು. ಡಾಟ್ ಕಾಮ್, ಡಾಟ್ ಇಡಿಯು ಎಂಬ ವರ್ಗಗಳನ್ನು ರೂಪಿಸಿದ್ದರಲ್ಲೂ ಈ ಕಚೇರಿಯವರ ಕೈ ಇದೆ. ಫೈನ್ಲರ್ ಮೇಜಿನ ಮುಂದೆ ಕುಳಿತು ಹೆಸರು ಸೇರಿಸುವುದನ್ನು ಊಹಿಸಿಕೊಂಡಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಇಳಕಲ್ ಸೀರೆಯ ಸೆರಗು ಹೊದ್ದು ಕಂಬಕ್ಕೆ ಆತು ಕೂತ ನಮ್ಮಜ್ಜಿ.

ಯಂತ್ರಗಳು ಹೆಚ್ಚಾದಂತೆ ಒಂದು ಪಟ್ಟಿ, ಒಂದು ಕಚೇರಿ ಸಾಲಲಿಲ್ಲ. ಎಲ್ಲರೂ ಮತ್ತೆ ಮತ್ತೆ ಇಡೀ ಫೈಲನ್ನೇ ತರಿಸಿಕೊಳ್ಳುವುದೂ ಭಾರವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ಹೆಸರುಗಳ ಜವಾಬ್ದಾರಿ ಹಂಚಿಹೋಗುತ್ತದೆ, ತಮ್ಮ ಓಣಿಯ ಹೆಸರು ತಮಗೆ ಗೊತ್ತಿದ್ದರೆ ಸಾಕು, ಉಳಿದದ್ದನ್ನು ಯಾರಿಗೆ ಕೇಳಬೇಕೆಂದು ತಿಳಿದಿದ್ದರಾಯಿತು. ಹೀಗೆ ಆ ದೊಡ್ಡ ಪಟ್ಟಿಯ ಕೆಲಸ ಮುಗಿಯಿತು. ಆದರೆ ಅದರ ಒಂದು ಸಣ್ಣ ಮರಿಯನ್ನು ಪ್ರತಿ ಯಂತ್ರದೊಳಗೂ ಬಿಟ್ಟಿದ್ದಾರೆ, ಇವತ್ತಿಗೂ ಬಿಟ್ಟಿದ್ದಾರೆ, ಅದಕ್ಕೇ ಮೊದಲ ಮಾತಿನ ಹಕ್ಕನ್ನೂ ಕೊಟ್ಟಿದ್ದಾರೆ. ಇದನ್ನು ಯೋಚಿಸಿ ಉಳಿಸಿದವರ ಮೇಲೆ ನನಗೆ ಗೌರವ ಇದೆ. ಇಡೀ ಜಗತ್ತಿನ ವ್ಯವಸ್ಥೆ ಏನೇ ಹೇಳಲಿ, ಈ ಮನೆಯ ಯಂತ್ರಕ್ಕೆ ಈ ಮನೆಯವರು ಬರೆದ ಸಾಲು ಮೊದಲು.

ಆ ಹಕ್ಕಿನಲ್ಲೇ ಅಪಾಯವೂ ಇದೆ, ಅದನ್ನು ಹುಡುಗ ಗಂಭೀರವಾಗಿ ಹೇಳಿದ. ಕಳ್ಳ ಸಾಫ್ಟ್‌ವೇರುಗಳು ಮೊದಲು ಕೈಹಾಕುವ ಜಾಗಗಳಲ್ಲಿ ಇದೂ ಒಂದು. ಬ್ಯಾಂಕಿನ ಹೆಸರನ್ನು ಬಲಕ್ಕೆ ಬರೆದು ಎಡಕ್ಕೆ ತಮ್ಮ ನಂಬರು ಹಾಕಿಬಿಟ್ಟರೆ, ನಾವು ಸರಿಯಾದ ಹೆಸರು ಬರೆದರೂ ಹೋಗಿ ನಿಲ್ಲುವುದು ಕಳ್ಳರ ಬಾಗಿಲಲ್ಲಿ. ಅದಕ್ಕೇ ಅಡ್ಮಿನಿಸ್ಟ್ರೇಟರ್ ಅಪ್ಪಣೆ ಇಲ್ಲದೆ ಈ ಫೈಲನ್ನು ಉಳಿಸಲು ವಿಂಡೋಸ್ ಬಿಡುವುದಿಲ್ಲ. ಬ್ಯಾಂಕಿನ ಪುಟದಲ್ಲಿ ಬೀಗದ ಗುರುತಿನ ಬಗ್ಗೆ ಎಚ್ಚರಿಕೆ ಬಂದರೆ ಮುಂದುವರಿಯಬೇಡಿ ಎನ್ನುವುದೂ ಅದಕ್ಕೇ. ಆವತ್ತಿನಿಂದ ಆಗಾಗ ಆ ಫೈಲು ತೆರೆದು, ನಾನು ಬರೆಯದ ಸಾಲು ಯಾವುದಾದರೂ ಬಂದಿದೆಯೇ ಎಂದು ನೋಡುವ ರೂಢಿ ಇಟ್ಟುಕೊಂಡಿದ್ದೇನೆ. ಉತಾರದಲ್ಲಿ ತಮ್ಮ ಹೆಸರು ಸರಿಯಾಗಿ ಹತ್ತಿದೆಯೇ ಎಂದು ವರ್ಷಕ್ಕೊಮ್ಮೆ ತೆಗೆಸಿ ನೋಡುವ ರೈತರ ಮನೆಯಲ್ಲಿ ಬೆಳೆದವಳಿಗೆ ಇದು ಹೊಸದೇನಲ್ಲ.

ಪಂಚಮಿಗೆ ತವರಿಗೆ ಹೊರಟೆವು ಅಂದೆನಲ್ಲ. ಬೈಕಿನ ಹಿಂದೆ ಕೂತು ಹೋಗುವಾಗ ಹಾದಿಯುದ್ದಕ್ಕೂ ಇದೇ ಯೋಚನೆ. ನಮ್ಮೂರಿನ ಹೆಸರು ಬದಲಾಗಲಿಲ್ಲ, ಊರು ಬದಲಾಯಿತು. ಅದೇ ಹೆಸರಿನ ಫಲಕ, ಬೇರೆ ಮಣ್ಣು, ಮನೆಗಳಿಗೆ ಪ್ಲಾಟ್ ನಂಬರು. ಹೊಳೆಯಾಚೆ ಬಾಗಲಕೋಟೆಯದು ಇನ್ನೂ ದೊಡ್ಡ ಕಥೆ. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಅದರ ಹಿನ್ನೀರಿಗೆ ಹಳೇ ಬಾಗಲಕೋಟೆಯ ದೊಡ್ಡ ಭಾಗ ಸಿಕ್ಕಿತು, ಪಕ್ಕದ ಎತ್ತರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ನವನಗರ ಎದ್ದಿತು. ಅಲ್ಲಿ ಓಣಿಗಳ ಬದಲು ಸೆಕ್ಟರ್ ನಂಬರುಗಳು. ನನ್ನ ಗೆಳತಿಯೊಬ್ಬಳು ಅಲ್ಲಿದ್ದಾಳೆ, ವಿಳಾಸ ಕೇಳಿದರೆ ಸೆಕ್ಟರಿನ ನಂಬರು ಹೇಳಿ, ಕೂಡಲೇ "ನಾವೆಲ್ಲಾ ಅದ ಓಣಿಯವರ ಇಲ್ಲೆ ಅದೀವಿ" ಎಂದು ಸೇರಿಸುತ್ತಾಳೆ. ನಮ್ಮ ಜಿಲ್ಲೆಗೆ ಆದದ್ದು ಇದರ ಉಲ್ಟಾ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಪಿನ್‌ಕೋಡ್ ಮಾತ್ರ 586101 ಇದ್ದದ್ದು ಹಾಗೇ ಉಳಿಯಿತು. ಪಿನ್‌ಕೋಡ್ ಅಂದೆ, ಅದನ್ನು 1972ರ ಆಗಸ್ಟ್ 15ರಂದು ತಂದವರು ಶ್ರೀರಾಮ ಭಿಕಾಜಿ ವೆಲಣಕರ. ಅಂಚೆ ಇಲಾಖೆಯ ಅಧಿಕಾರಿ, ಸಂಸ್ಕೃತದ ಕವಿ. ಒಂದೇ ಹೆಸರಿನ ಊರುಗಳು ದೇಶದ ತುಂಬ ಇದ್ದು, ವಿಳಾಸ ಬರೆಯುವ ಲಿಪಿಗಳೂ ಹತ್ತಾರು ಇರುವಾಗ ಕಾಗದ ದಾರಿ ತಪ್ಪಬಾರದು ಎಂದು ಆರಂಕಿಯ ಈ ಉಪಾಯ ಬಂತು. ಕವಿಯಾದವರು ಹೆಸರುಗಳ ಪಕ್ಕ ನಂಬರು ಇಟ್ಟರು, ಹೆಸರನ್ನು ತೆಗೆದುಹಾಕಲಿಲ್ಲ. ಮುದ್ದೇಬಿಹಾಳಕ್ಕೆ 586212 ಬರೆದ ಮೇಲೂ ನಾವು ಊರಿನ ಹೆಸರು ಬರೆಯುತ್ತೇವೆ.

ತವರಿನಿಂದ ಉಂಡಿ, ಅಳ್ಳು, ಜೋಳದ ರೊಟ್ಟಿಯ ಗಂಟಿನೊಂದಿಗೆ ಮರಳಿದ ಮೇಲೆ ನನ್ನ ನಿಜವಾದ ಕೆಲಸ ಶುರುವಾಯಿತು. ಹೋಸ್ಟ್ಸ್ ಫೈಲಿನಲ್ಲಿ ಬೇಡದ ಹೆಸರುಗಳನ್ನು ತಡೆಯುವುದಷ್ಟೇ ಅಲ್ಲ, ಬೇಕಾದ ಹೆಸರುಗಳನ್ನು ಇಡಲೂಬಹುದು. ನಮ್ಮ ಮನೆಯ ವೈಫೈಗೆ ಸೇರಿದ ಪ್ರತಿ ಯಂತ್ರಕ್ಕೂ 192.168ರಿಂದ ಶುರುವಾಗುವ ಒಂದು ನಂಬರು ಇದೆ: ಪ್ರಿಂಟರು, ಮಗನ ಹಳೇ ಲ್ಯಾಪ್‌ಟಾಪು, ಅಂಗಳದ ಕ್ಯಾಮೆರಾದ ಡಬ್ಬಿ. ಇವುಗಳಿಗೆ ನಾನು ಹೊಲದ ಹೆಸರಿಟ್ಟೆ. ಪ್ರಿಂಟರು ಎರಿ ಹೊಲ, ಯಾಕೆಂದರೆ ಕಪ್ಪು ಶಾಯಿ ಅಲ್ಲಿಯೇ ಇರುವುದು. ಲ್ಯಾಪ್‌ಟಾಪು ಮಡ್ಡಿ. ಕ್ಯಾಮೆರಾ ಜೋಡಬೇವು, ಆ ಹೊಲದ ಅಂಚಿಗೆ ನಿಂತರೆ ಇಡೀ ಊರು ಕಾಣುತ್ತಿತ್ತು. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು, ನಡುವೆ ಜಾಗ ಬಿಡುವಂತಿಲ್ಲ, ಬೇಕಿದ್ದರೆ ಅಡ್ಡಗೆರೆ ಹಾಕಬಹುದು. ಆದರೆ ಹ್ಯಾಶ್ ಗುರುತಿನ ಮುಂದೆ ಮನುಷ್ಯರ ಮಾತಲ್ಲವೇ, ಅಲ್ಲಿ ಕನ್ನಡದಲ್ಲಿ ಬರೆದೆ: ಯಾವ ಹೊಲ, ಯಾರದು, ಚಕಬಂದಿ ಏನು, ಅಜ್ಜಿ ಅದರ ಬಗ್ಗೆ ಏನು ಹೇಳುತ್ತಿದ್ದಳು. ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ, ಅಳಿಸುವುದಿಲ್ಲ. ರೌಟರು ಕೆಲವೊಮ್ಮೆ ನಂಬರುಗಳನ್ನು ಅದಲು ಬದಲು ಮಾಡುತ್ತದೆ, ಆಗ ಹೆಸರು ಹಳೇ ನಂಬರಿಗೇ ಕರೆದೊಯ್ದು ಖಾಲಿ ಜಾಗದಲ್ಲಿ ನಿಲ್ಲಿಸುತ್ತದೆ. ಹಾಗಾಗದಂತೆ ಒಂದೊಂದು ಯಂತ್ರಕ್ಕೆ ಒಂದು ನಂಬರು ಕಾಯಂ ಮಾಡಲು ರೌಟರಿನಲ್ಲೇ ಅನುಕೂಲ ಇದೆ, ಹುಡುಗ ಫೋನಿನಲ್ಲೇ ಹೇಳಿಕೊಟ್ಟ.

ಟ್ರಂಕಿನ ನೋಟುಬುಕ್ಕಿನಿಂದ ಉಳಿದ ಹೊಲಗಳನ್ನೂ ಇನ್ನೊಂದು ಫೈಲಿಗೆ ಇಳಿಸುತ್ತಿದ್ದೇನೆ. ಪೆನ್ಸಿಲ್ಲಿನ ಅಕ್ಷರ ಮಾಸಿದ ಕಡೆ ಕಾಕಾಗೆ ಫೋನ್ ಹಚ್ಚುತ್ತೇನೆ. ಅವರಿಗೆ ಎಂಬತ್ತು ದಾಟಿದೆ, ಕಿವಿ ಚುರುಕಿದೆ, ನೆನಪು ಅದಕ್ಕಿಂತ ಚುರುಕು. ಮೊನ್ನೆ ಒಂದು ಹೊಲದಲ್ಲಿ ಸಿಕ್ಕಿಕೊಂಡೆವು. ಅಜ್ಜಿ ಬರೆಸಿದ್ದು ಬಾರಿಗಿಡದ ಹೊಲ ಅಂತ.

"ಬಾರಿಗಿಡದ್ದಲ್ಲವಾ ಅದು, ಬಾವಿ ಹೊಲ. ಆ ಬಾವ್ಯಾಗ ನಾ ಈಸ ಕಲತೀನಿ" ಎಂದರು ಕಾಕಾ.

"ಆಯಿ ಹೇಳಿದ್ದನ್ನ ನಾನ ಬರದೀನಿ ಕಾಕಾ, ಇಲ್ಲೆ ಐತಿ ನೋಡ್ರಿ."

"ನಿಮ್ಮ ಆಯಿ ಬಾರಿಹಣ್ಣ ಆರಸಾಕ ಹೋಗ್ತಿದ್ಲು, ಅಕಿಗಿ ಅದು ಬಾರಿಗಿಡ. ನಾವು ಗಂಡಸ್ರು ಮಟ್ಟಿ ಹೊಡಿಯಾಕ ಹೋದಾವ್ರು, ನಮಗ ಬಾವಿ."

ಇಬ್ಬರ ಮಾತೂ ಖರೆ. 1565ರ ಜನವರಿಯಲ್ಲಿ ವಿಜಯನಗರ ಸೋತ ಯುದ್ಧವನ್ನು ನಮ್ಮ ಶಾಲೆಯ ಪುಸ್ತಕ ಒಮ್ಮೆ ತಾಳಿಕೋಟಿ ಯುದ್ಧ ಅನ್ನುತ್ತಿತ್ತು, ಒಮ್ಮೆ ರಕ್ಕಸ-ತಂಗಡಿ ಅನ್ನುತ್ತಿತ್ತು, ಬನ್ನಿಹಟ್ಟಿ ಅನ್ನುವವರೂ ಇದ್ದಾರೆ. ನಮ್ಮ ತಾಲೂಕಿನ ತಂಗಡಗಿಯ ಜನ ಹೊಳೆದಂಡೆಗೆ ನಿಂತು ತಮ್ಮೂರಿನ ಹೆಸರನ್ನೇ ಹೇಳುತ್ತಾರೆ, ಹೇಳಲಿ. ಹೋಸ್ಟ್ಸ್ ಫೈಲು ಇದಕ್ಕೂ ಜಾಗ ಇಟ್ಟಿದೆ. ಒಂದು ನಂಬರಿನ ಮುಂದೆ ಒಂದೇ ಹೆಸರು ಇರಬೇಕೆಂಬ ಹಟ ಅದಕ್ಕಿಲ್ಲ. ಒಂದು ಹೆಸರು ಬರೆದು, ಜಾಗ ಬಿಟ್ಟು, ಇನ್ನೊಂದು ಬರೆಯಬಹುದು, ಮತ್ತೊಂದನ್ನೂ ಬರೆಯಬಹುದು. ಯಾವುದರಿಂದ ಕರೆದರೂ ಅದೇ ನಂಬರಿಗೆ ಹೋಗುತ್ತದೆ. ಮೊದಲು ಬರೆದದ್ದನ್ನು ಮುಖ್ಯ ಹೆಸರೆಂದೂ ಆಮೇಲಿನವನ್ನು ಅಡ್ಡಹೆಸರೆಂದೂ ಅದು ಎಣಿಸುತ್ತದೆ, ಅಷ್ಟೇ.

ಇದನ್ನೆಲ್ಲ ಕಾಕಾಗೆ ಬಿಡಿಸಿ ಹೇಳಿ, ಎರಡೂ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ಬರಿಯವಾ, ಛಲೋ ಆತು" ಎಂದು, ಫೋನು ಇಡುವ ಮುಂಚೆ ಕೇಳಿದರು: "ಯಾವ ಹೆಸರ ಮೊದಲ ಬರೀತಿ?"